ಕುಯ್ಲಿನ ಕಾಲದಲ್ಲಿ ಕೇರೆ ಹಾವು ನೋಡುವ ಬಗೆ

ಹಸ್ತ ಮಳೆ ಸುರಿದು ಹೊಳವಾದ ಮಾರನೆಯ ಬೆಳಗ್ಗೆ, ಎಂಟೂವರೆ ಹೊತ್ತಿಗೆ, ರಾಗಿ ಹೊಲದ ಮೂಡಲ ಮುಖದ ಬದು. ತುಮಕೂರು ಸೀಮೆಯಲ್ಲಿ ಕೇರೆ ಹಾವು ನೋಡಬೇಕೆನ್ನುವವರು ಇದೊಂದನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ. ಉಳಿದರ್ಧ ಕಣ್ಣಿನದು, ತಾಳ್ಮೆಯದು. ಕೈಗೆ ಇಲ್ಲಿ ಕೆಲಸವೇ ಇಲ್ಲ.

ನಮ್ಮಲ್ಲಿ ಹಾವು ನೋಡುವುದು ಎಂದರೆ ಯಾರೋ ಹಿಡಿದದ್ದನ್ನು ಗುಂಪು ಕಟ್ಟಿ ನೋಡುವುದು ಎಂದಾಗಿದೆ. ಹಿಡಿದ ಹಾವಿನಲ್ಲಿ ಭಯ ಬಿಟ್ಟು ಬೇರೇನೂ ಕಾಣಿಸುವುದಿಲ್ಲ. ತನ್ನ ಪಾಡಿಗೆ ಬಿಸಿಲು ಕಾಯುವ, ಇಲಿಯ ಬಿಲಕ್ಕೆ ತಲೆ ಹಾಕಿ ವಾಸನೆ ನೋಡುವ, ಹುಣಸೆ ಮರ ಹತ್ತಿ ಗೂಡು ತಡಕುವ ಹಾವನ್ನು ನೋಡಲು ಕೇರೆಯಷ್ಟು ತಕ್ಕದ್ದು ಇನ್ನೊಂದಿಲ್ಲ. ಅದಕ್ಕೆ ವಿಷವಿಲ್ಲ, ಹಗಲಲ್ಲೇ ತಿರುಗುತ್ತದೆ, ಐದಾರು ಅಡಿ ಉದ್ದ ಇರುವುದರಿಂದ ದೂರದಿಂದಲೇ ಕಾಣುತ್ತದೆ, ಊರ ಹತ್ತಿರವೇ ಇರುತ್ತದೆ.

ಮೊದಲು ಹಾಲಿನ ಮಾತು ಮುಗಿಸೋಣ. ಕೇರೆ ಕೊಟ್ಟಿಗೆಗೆ ನುಗ್ಗಿ ಹಸುವಿನ ಹಿಂಗಾಲಿಗೆ ಸುತ್ತಿಕೊಂಡು ಕೆಚ್ಚಲು ಚೀಪುತ್ತದೆ ಎಂಬ ನಂಬಿಕೆ ಇಲ್ಲಿ ಇಂದಿಗೂ ಉಂಟು. ಅಮೆರಿಕದ ರೈತರು ಅಲ್ಲಿನ ಕೆಂಪು-ಬಿಳಿ-ಕಪ್ಪು ಪಟ್ಟೆಯ ಒಂದು ಹಾವಿನ ಮೇಲೂ ಇದೇ ಆರೋಪ ಹೊರಿಸಿ, ಅದಕ್ಕೆ ಮಿಲ್ಕ್ ಸ್ನೇಕ್ ಎಂದೇ ಹೆಸರಿಟ್ಟುಬಿಟ್ಟರು. ಎರಡು ಕಡೆಯೂ ಕಾರಣ ಒಂದೇ: ಕೊಟ್ಟಿಗೆಯಲ್ಲಿ ಹಿಂಡಿ, ಬೂಸಾ, ಹುಲ್ಲು, ಅದಕ್ಕೆ ಇಲಿ, ಇಲಿಗೆ ಹಾವು. ಚೀಪಬೇಕಾದರೆ ಮೆತ್ತನೆ ತುಟಿ, ಕೆನ್ನೆ ಬೇಕು. ಹಾವಿಗೆ ಅವೆರಡೂ ಇಲ್ಲ. ಇರುವುದು ಒಳಕ್ಕೆ ಬಾಗಿದ ಸೂಜಿ ಹಲ್ಲುಗಳ ಸಾಲು. ಅದು ಕೆಚ್ಚಲಿಗೆ ತಗುಲಿದರೆ ಹಸು ಒಂದು ಗಳಿಗೆಯೂ ನಿಲ್ಲುವುದಿಲ್ಲ. ಕೇರೆ ನಾಗರ ಹಾವಿನ ಗಂಡು ಎನ್ನುವುದೂ, ಬಾಲದಲ್ಲಿ ವಿಷ ಇಟ್ಟುಕೊಂಡು ಹೊಡೆಯುತ್ತದೆ ಎನ್ನುವುದೂ ಹೀಗೇ ಬಂದ ಮಾತುಗಳು. ಕೇರೆಯಲ್ಲೇ ಗಂಡು ಹೆಣ್ಣು ಬೇರೆ ಬೇರೆ ಇವೆ. ಬಾಲದಲ್ಲಿ ಏನೂ ಇಲ್ಲ.

ಯಾವಾಗ, ಯಾಕೆ

ಪಿತೃಪಕ್ಷದಿಂದ ಕಾರ್ತೀಕದ ದೀಪ ಹಚ್ಚುವವರೆಗೆ, ಅಂದರೆ ಉತ್ತರೆ, ಹಸ್ತ, ಚಿತ್ತೆ, ಸ್ವಾತಿ, ವಿಶಾಖ ಮಳೆಗಳ ಕಾಲ. ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಮುಗಿಯುವ ತನಕ ಎಂದುಕೊಳ್ಳಿ. ಈ ದಿನಗಳಲ್ಲಿ ಮೂರು ಸಂಗತಿ ಒಟ್ಟಿಗೆ ಕೂಡಿ ಬರುತ್ತವೆ. ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆ ಕಡೆ ಕಡ್ಲೇಕಾಯಿ ಕೀಳುತ್ತಾರೆ, ಅದರ ಬೆನ್ನಿಗೇ ರಾಗಿ ತೆನೆ ಬಲಿಯುತ್ತದೆ. ಇಲಿಗಳು ಬದುವಿನ ಬಿಲಗಳಿಗೆ ತೆನೆ ಸಾಗಿಸಲು ಶುರು ಮಾಡುತ್ತವೆ. ಕಟ್ಟೆ, ಹಳ್ಳಗಳಲ್ಲಿ ನೀರು ನಿಂತು ಕಪ್ಪೆ ತುಂಬಿರುತ್ತವೆ. ರಾತ್ರಿ ತಣ್ಣಗಾಗುತ್ತಾ ಬರುವುದರಿಂದ ಹಾವು ಬೆಳಗ್ಗೆ ಬಿಸಿಲಿಗೆ ಮೈಯೊಡ್ಡದೆ ಬೇಟೆಗೆ ಹೊರಡಲಾರದು.

ನಮಗೆ ಬೇಕಾದದ್ದು ಈ ಮೂರನೆಯದೇ. ಬೇಸಿಗೆಯಲ್ಲಿ ಏಳು ಗಂಟೆಗೇ ನೆಲ ಕಾದು ಹಾವು ಬೇಗನೆ ಸರಿದುಹೋಗುತ್ತದೆ. ಅಕ್ಟೋಬರಿನಲ್ಲಿ ಎಂಟರಿಂದ ಹತ್ತೂವರೆಯವರೆಗೆ ಒಂದೇ ಕಡೆ ಮಲಗಿರುವುದುಂಟು. ಮೋಡ ಮುಚ್ಚಿದ ದಿನ ಹೊರಡುವುದು ವ್ಯರ್ಥ. ಸತತ ಎರಡು ದಿನ ಜಡಿ ಹಿಡಿದು ಮೂರನೆಯ ದಿನ ಬಿಸಿಲು ಬಿದ್ದರೆ ಆ ಬೆಳಗನ್ನು ಬಿಡಬೇಡಿ. ಸಂಜೆ ನಾಲ್ಕರಿಂದ ಐದೂವರೆ ಇನ್ನೊಂದು ಹೊತ್ತು, ಆದರೆ ಆಗ ಹಾವು ಓಡಾಡುತ್ತಿರುತ್ತದೆ, ಕಂಡರೂ ಕ್ಷಣಮಾತ್ರ. ಕತ್ತಲಾಗುವ ಮೊದಲೇ ಹೊಲದಿಂದ ರಸ್ತೆಗೆ ಬಂದುಬಿಡಿ. ಸಂಜೆ ಮೇಲೆ ಕೊಳಕು ಮಂಡಲ, ಕಟ್ಟು ಹಾವುಗಳು ತಿರುಗುವ ಹೊತ್ತು. ಕೇರೆ ಆಗ ಬಿಲ ಸೇರಿರುತ್ತದೆ.

ಎಲ್ಲಿ

ಕಾಡಿಗೆ ಹೋಗಬೇಕಿಲ್ಲ. ದೇವರಾಯನದುರ್ಗದ ತಪ್ಪಲು, ನಾಮದ ಚಿಲುಮೆಯ ಆಸುಪಾಸು ಚೆಲುವಾಗಿದೆ, ಆದರೆ ಅದು ಮೀಸಲು ಅರಣ್ಯ. ದಾರಿ ಬಿಟ್ಟು ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕೇರೆಗೆ ಕಾಡಿಗಿಂತ ಹೊಲವೇ ಹಿತ. ಈ ಜಾಗಗಳನ್ನು ನೋಡಿ:

ಕೆರೆ ಏರಿಯ ಒಳಮೈಗೆ ಹೊದಿಸಿದ ಕಲ್ಲುಕಟ್ಟಡ. ಕಲ್ಲಿನ ಸಂದುಗಳಲ್ಲಿ ಇಲಿ, ಓತಿಕ್ಯಾತ. ಕೆಳಗೆ ನೀರಂಚಿನಲ್ಲಿ ಕಪ್ಪೆ. ಏರಿಯ ಮೇಲೆ ನಿಂತು ಕೆಳಗೆ ಇಣುಕುವ ಬದಲು ಕೋಡಿಯ ಕಡೆಯಿಂದ ಅಡ್ಡಲಾಗಿ ನೋಡಿ, ಇಡೀ ಕಲ್ಲುಸಾಲು ಕಣ್ಣಿಗೆ ಸಿಗುತ್ತದೆ. ನೀರಲ್ಲಿ ತಲೆ ಮಾತ್ರ ಎತ್ತಿ ಈಜುವುದು ಬಹುಪಾಲು ನೀರೊಳ್ಳೆ ಹಾವು, ಕೇರೆಯಲ್ಲ.

ಅಕ್ಕಡಿ ಸಾಲಿರುವ ರಾಗಿ ಹೊಲ. ರಾಗಿಯ ನಡುವೆ ಅವರೆ, ಹುಚ್ಚೆಳ್ಳು, ತೊಗರಿ ಸಾಲು ಬಿಟ್ಟ ಹೊಲದಲ್ಲಿ ಹಾವಿಗೆ ನೆರಳು, ಮರೆ ಎರಡೂ ಇರುತ್ತವೆ. ಬದುವಿನಲ್ಲಿ ಕತ್ತಾಳೆಯೋ ಲಂಟಾನವೋ ಇದ್ದರೆ ಇನ್ನೂ ಒಳ್ಳೆಯದು. ಬರೀ ರಾಗಿ, ಬೋಳು ಬದು, ಕಳೆನಾಶಕ ಹೊಡೆದು ಸುಟ್ಟ ಅಂಚು, ಇಂಥಲ್ಲಿ ಕಾಯುವುದರಲ್ಲಿ ಅರ್ಥವಿಲ್ಲ.

ತಿಪಟೂರು, ಗುಬ್ಬಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ತೋಟಗಳಲ್ಲಿ ಕಾಯಿ ಸುಲಿದು ಒಟ್ಟಿದ ಮಟ್ಟೆಯ ರಾಶಿ, ಸೋಗೆಯ ಕುಪ್ಪೆ. ದೂರದಿಂದ ನೋಡುವುದಕ್ಕೆ ಮಾತ್ರ. ಹತ್ತಿರ ಹೋಗಿ ಕೆದಕುವುದಕ್ಕಲ್ಲ.

ಇವುಗಳಲ್ಲಿ ಒಂದನ್ನು ಆಯ್ದುಕೊಂಡು ಅದಕ್ಕೇ ಮತ್ತೆ ಮತ್ತೆ ಹೋಗಿ. ಹೊಸಬರು ಒಂದೇ ಬೆಳಗ್ಗೆ ನಾಲ್ಕು ಹಳ್ಳಿ ಸುತ್ತಿ ಏನೂ ಸಿಗಲಿಲ್ಲ ಎನ್ನುವುದು ಇದೇ ಕಾರಣಕ್ಕೆ. ಇನ್ನೂರು ಹೆಜ್ಜೆ ಉದ್ದದ ಒಂದು ಬದುವನ್ನು ಹತ್ತು ಬೆಳಗ್ಗೆ ನೋಡಿದವರಿಗೆ ಯಾವ ಬಿಲ ಜೀವಂತ, ಯಾವುದು ಹಳತು ಎಂದು ತಿಳಿದಿರುತ್ತದೆ. ಬಿಲದ ಬಾಯಿಗೆ ಹೊಸ ಮಣ್ಣು, ಉದುರಿದ ರಾಗಿ ಹೊಟ್ಟು ಇದ್ದರೆ ಇಲಿ ಒಳಗಿದೆ. ಜೇಡರ ಬಲೆ ಕಟ್ಟಿದ್ದರೆ ಬಿಟ್ಟುಬಿಡಿ. ಹೊಲದ ಯಜಮಾನರನ್ನು ಮೊದಲೇ ಕೇಳಿಕೊಳ್ಳಿ. ಅವರ ಮನೆಯ ಹೆಂಗಸರನ್ನೂ ಕೇಳಿ. ಕಳೆ ಕೀಳುವಾಗ ಬದುವಿನ ಪಕ್ಕ ಕೂರುವವರು ಅವರು, ಹಾವು ಎಲ್ಲಿ ದಾಟುತ್ತದೆ ಎಂಬುದನ್ನು ಗೇಣಿನ ಲೆಕ್ಕದಲ್ಲಿ ಹೇಳುತ್ತಾರೆ.

ಒಂದು ಎಚ್ಚರಿಕೆ. ಅಮೆರಿಕದಲ್ಲಿ ಮಿಲ್ಕ್ ಸ್ನೇಕ್ ಹುಡುಕುವವರು ಚಪ್ಪಡಿ ಕಲ್ಲು, ಹಳೆ ಹಲಗೆ, ತಗಡು ಎತ್ತಿ ನೋಡುತ್ತಾರೆ. ಆ ವಿಡಿಯೋಗಳನ್ನು ನೋಡಿ ಇಲ್ಲಿ ಕಲ್ಲು ಮಗುಚಲು ಹೋಗಬೇಡಿ. ಪಾವಗಡ, ಶಿರಾದಂಥ ಒಣ ಕಲ್ಲುನೆಲದಲ್ಲಿ ಚಪ್ಪಡಿಯ ಕೆಳಗೆ ಸಿಗುವುದು ಗರಗಸ ಮಂಡಲ, ಕಟ್ಟು ಹಾವು, ಚೇಳು. ಕೇರೆಯೋ, ಹಗಲಲ್ಲಿ ಹೊರಗೇ ಇರುತ್ತದೆ. ಅದಕ್ಕಾಗಿ ಕಲ್ಲೆತ್ತುವ ಅಗತ್ಯವೇ ಇಲ್ಲ.

ಏನು ತೊಟ್ಟು, ಏನು ಹಿಡಿದು

ಮಂಡಿ ತನಕ ಬರುವ ಗಂಬೂಟು, ಇಲ್ಲದಿದ್ದರೆ ಗಿಣ್ಣು ಮುಚ್ಚುವ ಗಟ್ಟಿ ಬೂಟಿನ ಜೊತೆ ದಪ್ಪ ಬಟ್ಟೆಯ ಪ್ಯಾಂಟು. ಚಪ್ಪಲಿ ಬೇಡ. ಐದಡಿ ಉದ್ದದ ಕೋಲು, ಹುಲ್ಲಿಗೆ ಕಾಲಿಡುವ ಮೊದಲು ನೆಲ ತಟ್ಟಲು. ಹಾವಿಗೆ ಮುಟ್ಟಿಸಲು ಅಲ್ಲ. 8×42 ಬೈನಾಕ್ಯುಲರ್ ಸಾಕು, ಮೂರು ಮೀಟರಿಗೂ ಫೋಕಸ್ ಆಗುವಂಥದ್ದಾದರೆ ಇನ್ನೂ ಉತ್ತಮ. ನೀರು, ಪೂರ್ತಿ ಚಾರ್ಜ್ ಆದ ಫೋನು, ಒಬ್ಬರು ಜೊತೆಗಾರರು. ಐದಾರು ಜನ ಹೋದರೆ ಹಾವು ಕಾಣುವುದಿಲ್ಲ. ನೆಲದ ಅದುರು ನೀವು ತಲುಪುವ ಮೊದಲೇ ಅದಕ್ಕೆ ಸುದ್ದಿ ಮುಟ್ಟಿಸಿರುತ್ತದೆ.

ಕಾಣುವ ಮೊದಲೇ ತಿಳಿಯುವುದು

ಹಕ್ಕಿಗಳ ಗಲಾಟೆ ಮೊದಲ ಸುಳಿವು. ಹರಟೆಮಲ್ಲಗಳು ಒಂದೇ ಪೊದೆಯ ಸುತ್ತ ಕುಪ್ಪಳಿಸುತ್ತಾ ಕೆಳಗೇ ದಿಟ್ಟಿಸಿ ಕಿರುಚುತ್ತಿದ್ದರೆ, ಅಳಿಲು ಬಾಲ ಕುಣಿಸುತ್ತಾ ನಿಲ್ಲಿಸದೆ ಚಿಕ್ ಚಿಕ್ ಎನ್ನುತ್ತಿದ್ದರೆ ನಿಂತುಬಿಡಿ. ಗೊರವಂಕ, ಪಿಕಳಾರಗಳೂ ಸೇರಿಕೊಳ್ಳುತ್ತವೆ. ಗಲಾಟೆ ಜಾಗ ಬದಲಿಸುತ್ತಾ ಸರಿದರೆ ಹಾವು ಸಾಗುತ್ತಿದೆ ಎಂದರ್ಥ. ಒಂದೇ ಕಡೆ ನಿಂತಿದ್ದರೆ ಹಾವು ಅಲುಗದೆ ಮಲಗಿದ್ದೀತು, ಇಲ್ಲವೇ ಹಾವಿನ ಬದಲು ಬೆಕ್ಕೋ ಮುಂಗುಸಿಯೋ ಇದ್ದೀತು.

ಎರಡನೆಯದು ಜಾಡು. ಬಂಡಿದಾರಿಯ ನುಣ್ಣನೆ ಧೂಳಿನಲ್ಲಿ, ಹೇಮಾವತಿ ನಾಲೆಯ ಪಕ್ಕದ ಮೆತ್ತನೆ ಮಣ್ಣಿನಲ್ಲಿ ಅಂಕುಡೊಂಕು ಗೆರೆ ಸಿಕ್ಕರೆ ಬಾಗಿ ನೋಡಿ. ಪ್ರತಿ ತಿರುವಿನಲ್ಲೂ ಒಂದು ಬದಿ ಮಣ್ಣು ಚಿಕ್ಕ ದಿಣ್ಣೆಯಾಗಿ ಎದ್ದಿರುತ್ತದೆ. ಹಾವು ಮಣ್ಣನ್ನು ಹಿಂದಕ್ಕೆ ಒತ್ತಿ ಮುಂದೆ ಸಾಗುತ್ತದೆ, ಹಾಗಾಗಿ ದಿಣ್ಣೆ ಇರುವ ಕಡೆಗೆ ಬೆನ್ನು ಮಾಡಿ ನಿಂತರೆ ಅದು ಹೋದ ದಿಕ್ಕು ನಿಮ್ಮ ಮುಂದಿರುತ್ತದೆ. ಮೇಲೆ ಇಬ್ಬನಿಯ ಗುಳಿ ಇಲ್ಲದಿದ್ದರೆ ಜಾಡು ಈ ಬೆಳಗಿನದು.

ಮೂರನೆಯದು ಪೊರೆ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹಾವನ್ನು ಇಷ್ಟು ಹತ್ತಿರದಿಂದ, ಇಷ್ಟು ನಿಧಾನವಾಗಿ ಓದುವ ಅವಕಾಶ ಬೇರೆಲ್ಲೂ ಸಿಗದು. ಬೇಲಿಮುಳ್ಳಿಗೆ, ಕಲ್ಲುಸಂದಿಗೆ ಸಿಕ್ಕಿಕೊಂಡ ಪೊರೆ ಕಂಡರೆ ಮೊದಲು ಸುತ್ತ ನೋಡಿ, ಹಾವು ಪಕ್ಕದಲ್ಲೇ ಇರಬಹುದು. ಆಮೇಲೆ ಕೋಲಿನಿಂದ ಬಯಲಿಗೆ ಎಳೆದುಕೊಳ್ಳಿ. ಮೆತ್ತಗೆ, ಬಳುಕುವಂತಿದ್ದರೆ ಹೊಸದು. ಮುಟ್ಟಿದರೆ ಪುಡಿಯಾಗುವಂತಿದ್ದರೆ ಬಿಸಿಲು ತಿಂದು ದಿನಗಳಾಗಿವೆ. ಪೊರೆ ತುಟಿಯಿಂದ ಬಿಚ್ಚಿಕೊಂಡು ಕಾಲುಚೀಲ ತೆಗೆದಂತೆ ಒಳಹೊರಗಾಗಿ ಬರುತ್ತದೆ. ಆದ್ದರಿಂದ ಪೊರೆಯ ಬಾಲ ಯಾವ ಕಡೆಗಿದೆಯೋ ಹಾವು ಹೋದದ್ದು ಆ ಕಡೆಗೆ.

ಮೈಯ ನಡುಭಾಗ ಹುಡುಕಿ. ಹೊಟ್ಟೆಯ ಅಗಲ ಪಟ್ಟಿಯನ್ನು ಬಿಟ್ಟು, ಅದರ ಪಕ್ಕದ ಹುರುಪೆಯಿಂದ ಓರೆಯಾಗಿ ಬೆನ್ನು ದಾಟಿ ಇನ್ನೊಂದು ಬದಿಯ ಹೊಟ್ಟೆಪಟ್ಟಿಯವರೆಗೆ ಎಣಿಸುತ್ತಾ ಹೋಗಿ. ಕೇರೆಯಾದರೆ 16 ಅಥವಾ 17 ಸಾಲು. ನಾಗರ ಹಾವಿಗೆ 21ಕ್ಕಿಂತ ಕಡಿಮೆ ಇರದು, ಹೆಡೆಯ ಭಾಗ ಅಗಲವಾಗಿಯೂ ಇರುತ್ತದೆ. ಕಟ್ಟು ಹಾವಿಗೆ ಸಾಮಾನ್ಯವಾಗಿ 15. ಬೆನ್ನ ನಟ್ಟನಡುವಿನ ಸಾಲಿನ ಹುರುಪೆಗಳು ದೊಡ್ಡವು, ಆರು ಮೂಲೆಯವು. ಕೊಳಕು ಮಂಡಲಕ್ಕೆ 27ರಿಂದ 33, ಹೊಟ್ಟೆಪಟ್ಟಿಯ ಪಕ್ಕದ ಸಾಲು ಬಿಟ್ಟರೆ ಉಳಿದ ಹುರುಪೆಗಳ ಮೇಲೆಲ್ಲ ಏಣು ಎದ್ದಿರುತ್ತದೆ, ಬೆರಳಿಗೆ ಒರಟು. ನೇರವಾಗಿ ಅಡ್ಡ ಎಣಿಸಿದರೆ ಸಾಲು ತಪ್ಪುತ್ತದೆ. ಕುತ್ತಿಗೆಯ ಹತ್ತಿರವೋ ಬಾಲದ ಹತ್ತಿರವೋ ಎಣಿಸಿದರೆ ಲೆಕ್ಕವೇ ಬೇರೆ ಬರುತ್ತದೆ. ಮೂರು ಸಲ, ಮೂರು ಜಾಗದಲ್ಲಿ ಎಣಿಸಿ. ಹಾವಿನ ಉದ್ದವನ್ನು ಪೊರೆಯಿಂದ ಅಳೆಯಬೇಡಿ, ಕಳಚುವಾಗ ಹಿಗ್ಗುವುದರಿಂದ ಪೊರೆ ಯಾವಾಗಲೂ ಹಾವಿಗಿಂತ ಉದ್ದ. ಫೋಟೋ ತೆಗೆದುಕೊಂಡು ಇದ್ದಲ್ಲೇ ಬಿಡಿ.

ಗುರುತು ಹಿಡಿಯುವುದು

ಬಣ್ಣ ನಂಬಬೇಡಿ. ಕೇರೆ ಹಳದಿ, ಕಂದು, ಕೆಸರು ಹಸಿರು, ಹೆಚ್ಚುಕಡಿಮೆ ಕಪ್ಪು, ಎಲ್ಲದರಲ್ಲೂ ಇದೆ. ನಾಗರ ಹಾವಿಗೂ ಇದೇ ಬಣ್ಣಗಳುಂಟು. ಹೆಡೆ ಬಿಚ್ಚದ ನಾಗರವನ್ನು ಕೇರೆ ಎಂದುಕೊಳ್ಳುವ ತಪ್ಪು ಹೊಲಗಳಲ್ಲಿ ಆಗುವಂಥದ್ದೇ, ಅದರ ಬೆಲೆ ದೊಡ್ಡದು.

ಬೈನಾಕ್ಯುಲರಿನಲ್ಲಿ ಮೊದಲು ತುಟಿ ನೋಡಿ. ಕೇರೆಯ ತುಟಿಯ ಹುರುಪೆಗಳ ಅಂಚಿಗೆ ಕಾಡಿಗೆ ತೀಡಿದಂತೆ ಕಪ್ಪು ಅಡ್ಡಗೆರೆಗಳು, ಒಂದರ ಪಕ್ಕ ಒಂದು. ಆಮೇಲೆ ಕಣ್ಣು: ದೊಡ್ಡದು, ಪಾಪೆ ದುಂಡಗೆ, ಸುತ್ತ ಹೊನ್ನಿನ ಬಳೆ. ಕುತ್ತಿಗೆ ಸಣ್ಣ, ತಲೆ ಅದರಿಂದ ಬೇರೆಯಾಗಿ ಎದ್ದು ಕಾಣುತ್ತದೆ. ನಾಗರಕ್ಕೆ ಕಣ್ಣು ಸಣ್ಣದು, ತಲೆ-ಕುತ್ತಿಗೆ ಒಂದೇ ಅಗಲವಾಗಿ ಕೂಡಿಕೊಂಡಂತೆ. ಕೇರೆಯ ಹಿಂಭಾಗದಲ್ಲಿ, ಬಾಲದತ್ತ, ಕಪ್ಪು ಗೆರೆಗಳು ಬಲೆಯಂತೆ ಹೆಣೆದಿರುತ್ತವೆ. ಬಾಲ ಉದ್ದ, ಮೈಯ ಕಾಲುಭಾಗಕ್ಕೂ ಮಿಕ್ಕಿ, ಚಾವಟಿಯಂತೆ ಸಣ್ಣಗಾಗುತ್ತದೆ.

ಮರಿಗಳ ವಿಷಯ ಬೇರೆ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದೂಕಾಲು ಅಡಿಯ ಮರಿಗಳು ಕಾಣಿಸಿಕೊಳ್ಳುತ್ತವೆ, ಮೈಯ ಮುಂಭಾಗದಲ್ಲಿ ತಿಳಿ ನೀಲಿ-ಬೂದು ಅಡ್ಡಪಟ್ಟಿ. ಪಟ್ಟಿ ಇರುವ ಯಾವ ಸಣ್ಣ ಹಾವನ್ನೂ ಇದು ಕೇರೆ ಮರಿ, ಇದು ವಿಷವಿಲ್ಲದ ತೋಳ ಹಾವು ಎಂದು ತೀರ್ಮಾನಿಸಿ ಹತ್ತಿರ ಹೋಗಬೇಡಿ. ಕಟ್ಟು ಹಾವಿನ ಪಟ್ಟಿಗಳು ಬಾಲದ ಕಡೆ ಸ್ಪಷ್ಟ, ಕುತ್ತಿಗೆಯ ಕಡೆ ಮಸುಕು ಎಂಬುದು ಪುಸ್ತಕದಲ್ಲಿ ಸರಿ. ಹುಲ್ಲಿನ ನಡುವೆ ಅರ್ಧ ಮೈ ಕಂಡಾಗ ಆ ವ್ಯತ್ಯಾಸ ಕಣ್ಣಿಗೆ ಸಿಗುವುದಿಲ್ಲ. ಸಂದೇಹವಿದ್ದರೆ ವಿಷದ್ದೆಂದೇ ಎಣಿಸಿ ಹಿಂದೆ ಸರಿಯಿರಿ.

ಹತ್ತಿರ ಹೋಗುವುದು, ಅಲ್ಲಿ ನಿಲ್ಲುವುದು

ಕಂಡ ಕೂಡಲೇ ನಿಲ್ಲಿ. ಹಾವಿನ ತಲೆ ಎಲ್ಲಿ, ಅದರ ಬಿಲ ಅಥವಾ ಪೊದೆ ಎಲ್ಲಿ, ಎರಡನ್ನೂ ಗುರುತಿಸಿಕೊಳ್ಳಿ. ಅವೆರಡರ ನಡುವೆ ನೀವು ಎಂದೂ ಬರಬಾರದು. ಕೇರೆ ಕಚ್ಚಿದ ಪ್ರಸಂಗಗಳಲ್ಲಿ ಕೈಯಿಂದ ಹಿಡಿಯಲು ಹೋದದ್ದು ಬಿಟ್ಟರೆ, ಓಡಲು ದಾರಿ ಇಲ್ಲದಂತೆ ಅಡ್ಡ ನಿಂತದ್ದೇ ಕಾರಣವಾಗಿರುತ್ತದೆ. ಬಿಸಿಲು ನಿಮ್ಮ ಬೆನ್ನಿಗಿದ್ದರೆ ನೋಡಲು ಚೆನ್ನ, ಆದರೆ ನೆರಳು ಹಾವಿನ ಮೇಲೆ ಬೀಳದಂತೆ ಸ್ವಲ್ಪ ಓರೆಗೆ ನಿಲ್ಲಿ. ಮೂರು ಹೆಜ್ಜೆ ನಡೆದು ಅರ್ಧ ನಿಮಿಷ ನಿಲ್ಲಿ, ಮತ್ತೆ ಮೂರು ಹೆಜ್ಜೆ. ಹಿಮ್ಮಡಿ ಕುಟ್ಟಬೇಡಿ. ಕೈ ಎತ್ತಿ ತೋರಿಸಬೇಡಿ, ಅದರ ಕಣ್ಣು ಚಲನೆಯನ್ನು ತಟ್ಟನೆ ಹಿಡಿಯುತ್ತದೆ. ಹತ್ತು ಮೀಟರಿಗೆ ನಿಲ್ಲುವುದು ಒಳ್ಳೆಯದು, ಐದಕ್ಕಿಂತ ಹತ್ತಿರ ಬೇಡ.

ಈಗ ನೋಡಿ. ಬಿಸಿಲು ಕಾಯುವ ಹಾವು ಮೈಯನ್ನು ಚಪ್ಪಟೆ ಮಾಡಿ ಹರಡಿಕೊಂಡಿರುತ್ತದೆ, ನಾಲಗೆ ಆಡುವುದೇ ಇಲ್ಲ. ಮೈ ಕಾದ ಮೇಲೆ ಮೊದಲು ಅಲುಗುವುದು ತಲೆ. ನಾಲಗೆ ಹೊರಬಂದು ಮೇಲೆ ಕೆಳಗೆ ಬಡಿದು ಒಳಗೆ ಹೋಗುತ್ತದೆ, ಆಮೇಲೆ ಬೇಗ ಬೇಗ. ಈಗ ಬೇಟೆ ಶುರು. ಬದುವಿನ ಒಂದೊಂದೇ ಬಿಲಕ್ಕೆ ಮೂತಿ ಇಟ್ಟು ಮುಂದೆ ಹೋಗುತ್ತದೆ. ಯಾವುದೋ ಒಂದರಲ್ಲಿ ತಲೆ ಇಳಿಯುತ್ತದೆ, ಮೈ ಹಿಂದೆಯೇ ಇಳಿಯುತ್ತದೆ, ಬಾಲದ ಗೇಣುದ್ದ ಹೊರಗೇ ಉಳಿದು ನಡುಗುತ್ತಿರುತ್ತದೆ. ಆ ಬಾಲ ನೋಡುತ್ತಾ ನಿಲ್ಲಿ. ಕೇರೆ ಹೆಬ್ಬಾವಿನಂತೆ ಸುತ್ತಿ ಉಸಿರುಗಟ್ಟಿಸುವುದಿಲ್ಲ. ಹಲ್ಲಿನಲ್ಲಿ ಕಚ್ಚಿ, ಮೈಭಾರದಿಂದ ನೆಲಕ್ಕೋ ಬಿಲದ ಗೋಡೆಗೋ ಒತ್ತಿ, ಜೀವ ಇರುವಾಗಲೇ ನುಂಗಲು ತೊಡಗುತ್ತದೆ. ನುಂಗುತ್ತಿರುವಾಗ ಒಂದು ಹೆಜ್ಜೆಯೂ ಮುಂದಿಡಬೇಡಿ. ಬೆದರಿದರೆ ತಿಂದದ್ದನ್ನು ಕಕ್ಕಿ ಓಡುತ್ತದೆ, ಆ ದಿನದ ಬೇಟೆ ಮಣ್ಣುಪಾಲು.

ತಲೆ ಎತ್ತಿ ನಾಲಗೆ ನಿಲ್ಲಿಸಿ ನಿಮ್ಮತ್ತ ತಿರುಗಿದರೆ ನೀವು ಮಿತಿ ದಾಟಿದ್ದೀರಿ. ಕುತ್ತಿಗೆಯನ್ನು ಮೇಲಿಂದ ಕೆಳಕ್ಕೆ ಉಬ್ಬಿಸಿ, ಬುಸುಗುಟ್ಟುವುದಕ್ಕಿಂತ ಗುರುಗುಟ್ಟುವಂಥ ದನಿ ಮಾಡಿದರೆ ತುಂಬಾ ದಾಟಿದ್ದೀರಿ. ನಾಗರ ಕುತ್ತಿಗೆಯನ್ನು ಅಡ್ಡಕ್ಕೆ ಹರಡುತ್ತದೆ, ಕೇರೆ ಉದ್ದಕ್ಕೆ ಉಬ್ಬಿಸುತ್ತದೆ. ನಿಧಾನವಾಗಿ ಹಿಂದಕ್ಕೆ ಬನ್ನಿ. ಕಣ್ಣು ಹಾಲು ತುಂಬಿದಂತೆ ಮಸುಕಾಗಿದ್ದರೆ ಪೊರೆ ಬಿಡುವ ದಿನ ಹತ್ತಿರ. ಆಗ ಅದಕ್ಕೆ ಸರಿಯಾಗಿ ಕಾಣದು, ಬೇಗ ಸಿಡುಕುತ್ತದೆ. ಅಂಥದ್ದನ್ನು ಬಿಟ್ಟು ಬನ್ನಿ.

ಫೋಟೋಗೆ ಫೋನಿನ ಜೂಮ್ ಸಾಕಾಗುವುದಿಲ್ಲ, 300 ಎಂ.ಎಂ. ಲೆನ್ಸ್ ಇದ್ದರೆ ಸರಿ. ಇಲ್ಲದಿದ್ದರೆ ಕಣ್ಣಲ್ಲೇ ನೋಡಿ, ಹತ್ತಿರ ಸರಿಯಬೇಡಿ. ಉದ್ದ ಎಷ್ಟೆಂದು ಹೇಳಲು ಹಾವು ನೇರವಾಗಿ ದಾರಿ ದಾಟುವ ಕ್ಷಣ ಕಾಯಿರಿ. ತಲೆ ಯಾವ ಕಲ್ಲಿನ ಪಕ್ಕ, ಬಾಲ ಯಾವ ಗಿಡದ ಪಕ್ಕ ಎಂದು ನೆನಪಿಟ್ಟುಕೊಂಡು, ಅದು ಹೋದ ಮೇಲೆ ಟೇಪು ಹಿಡಿಯಿರಿ. ಕಣ್ಣಂದಾಜಿನ ಎಂಟಡಿ ಹಾವು ಟೇಪಿನಲ್ಲಿ ಆರಕ್ಕೆ ಇಳಿಯುವುದು ಸಾಮಾನ್ಯ. ತಾರೀಖು, ಗಂಟೆ, ಬಿಸಿಲೋ ಮೋಡವೋ, ಏನು ಮಾಡುತ್ತಿತ್ತು, ಇಷ್ಟು ಬರೆದಿಡಿ. ಜಾಗದ ನಿಖರ ಗುರುತನ್ನು ಎಲ್ಲರಿಗೂ ಹಂಚಬೇಡಿ. ಕೇರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುವ ಪ್ರಾಣಿ, ಹಿಡಿಯುವುದೂ ಕೊಲ್ಲುವುದೂ ಅಪರಾಧ.

ಕಚ್ಚಿದರೆ

ಕೇರೆಯೇ ಕಚ್ಚಿದ್ದೆಂದು ಖಚಿತವಿದ್ದರೆ ಸೋಪು ನೀರಿನಲ್ಲಿ ತೊಳೆದು ಧನುರ್ವಾಯು (ಟೆಟನಸ್) ತಡೆಯುವ ಇಂಜೆಕ್ಷನ್ ಬಗ್ಗೆ ವೈದ್ಯರನ್ನು ಕೇಳಿ. ಒಂದು ಚೂರು ಅನುಮಾನವಿದ್ದರೂ ವಿಷದ ಹಾವೆಂದೇ ತಿಳಿದು 108ಕ್ಕೆ ಕರೆ ಮಾಡಿ, ತಾಲ್ಲೂಕು ಇಲ್ಲವೇ ಜಿಲ್ಲಾ ಆಸ್ಪತ್ರೆಗೆ ಹೋಗಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ, ಕೈಯೋ ಕಾಲೋ ಅಲುಗದಂತೆ ಕೋಲು ಕೊಟ್ಟು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ನಡೆಸಬೇಡಿ. ಹಗ್ಗ ಬಿಗಿಯುವುದು, ಕೊಯ್ಯುವುದು, ಹೀರುವುದು, ನಾಟಿ ಔಷಧಿಗೆ ಅಲೆಯುವುದು ಯಾವುದೂ ಬೇಡ. ಹಾವು ಹಿಡಿದು ತರಬೇಕಾಗಿಲ್ಲ. ನಾಗರ, ಕಟ್ಟು, ಕೊಳಕು ಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಕೊಡುವ ಪ್ರತಿವಿಷ ಒಂದೇ.

ಹೊಲದವರಿಗೆ ಹೇಳಿ ಬನ್ನಿ

ಕುಯ್ದ ರಾಗಿ ಅರಿ ಒಣಗಿ ಮೆದೆ ಏರಿದ ಮೇಲೆ ಹೊಲದ ಇಲಿಗಳೆಲ್ಲ ಮೆದೆಗೆ ಬರುತ್ತವೆ, ಕೇರೆಯೂ ಹಿಂದೆಯೇ ಬರುತ್ತದೆ. ನೀವು ನೋಡಿದ ಹಾವು ಯಾವ ಬದುವಿನದು, ತುಟಿಯ ಗೆರೆ ಹೇಗಿತ್ತು ಎಂದು ಮನೆಯವರಿಗೆ ಫೋಟೋ ತೋರಿಸಿ ಹೇಳಿ. ತರಕಾರಿ ತೋಟಕ್ಕೆ, ಕೋಳಿಗೂಡಿಗೆ ಕಟ್ಟಿದ ನೈಲಾನ್ ಬಲೆಯನ್ನು ನೆಲಕ್ಕೆ ತಾಗಿಸದೆ ಒಂದು ಗೇಣು ಮೇಲೆ ನಿಲ್ಲಿಸಿದರೆ ಹಾವು ಸಿಕ್ಕಿ ಸಾಯುವುದು ತಪ್ಪುತ್ತದೆ; ಸಿಕ್ಕಿದ್ದು ಕಂಡರೆ ತಾವೇ ಬಿಡಿಸಲು ಹೋಗದೆ ಅರಣ್ಯ ಇಲಾಖೆಯವರನ್ನು ಕರೆಯಬೇಕು. ಒಕ್ಕಣೆಗೆ ಮೆದೆ ಬಿಚ್ಚುವ ದಿನ ಕಂತೆಗೆ ಕೈ ಹಾಕುವ ಮೊದಲು ಉದ್ದ ಗಳದಿಂದ ನಾಲ್ಕೂ ಕಡೆ ತಟ್ಟಿ, ಪೊದೆಯ ಕಡೆಯ ಬದಿಯಲ್ಲಿ ಯಾರೂ ನಿಲ್ಲದೆ ಅರ್ಧ ಗಂಟೆ ಬಿಟ್ಟು, ಮೇಲಿನ ಕಂತೆಯಿಂದ ಒಂದೊಂದಾಗಿ ಇಳಿಸುತ್ತಾ ಬರಬೇಕು.